ಶಿವದಾರ

ಇಳಕಲ್ಲ
12 ಜನವರಿ 2025, ರವಿವಾರ

ಪ್ರೀತಿಯ ಅವ್ವಾ, ನಿನ್ನ ಪಾದಕ್ಕೆ ಶರಣು.

ಆರಾಮ ಇದ್ದೀಯಾ? ರಾತ್ರಿ ನಿದ್ದೆ ಹತ್ತುತ್ತದೆಯೇ? ಸೂಜಿ ಹಾಕಿದ ಜಾಗದ ನೋವು ಇಳಿಯಿತೇ? ತಂಗಿ ಅಂಜನಾಳ ಕೂಸು ನಿನ್ನ ಸೊಂಟ ಬಿಟ್ಟು ಇಳಿಯುವುದಿಲ್ಲ ಎಂದು ಗೊತ್ತು; ಎಡಗಡೆ ಮಾತ್ರ ಎತ್ತಿಕೊಳ್ಳಬೇಡ. ದಿನಾ ಫೋನು ಮಾಡುವವಳು ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ಅಂಜನಾ ಸ್ಪೀಕರ್ ಹಾಕುತ್ತಾಳೆ, ಮನೆಯವರೆಲ್ಲ ಸುತ್ತ ಇರುತ್ತಾರೆ, ನೀನು "ಎಲ್ಲಾ ಚೊಲೊ ಐತಿ" ಎನ್ನುತ್ತೀಯ, ನಾನೂ ಅದನ್ನೇ ಎನ್ನುತ್ತೇನೆ. ನನ್ನ ಜೊತೆ ಕಾಲೇಜಿನಲ್ಲಿ ಕಲಿಸುವ ತಬಸುಮ ನಾಳೆ ಬಾದಾಮಿಗೆ, ತವರಿಗೆ ಬರುತ್ತಿದ್ದಾಳೆ. ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಒಬ್ಬಳೇ ಕುಳಿತು ಓದು.

ಮೊನ್ನೆ ಅಣ್ಣ, ನಾನು ನಿನ್ನ ಫೈಲು ಹಿಡಿದು ಬಾಗಲಕೋಟೆಗೆ ಹೋಗಿದ್ದೆವು. ಈ ಫೈಲು ನಿನಗಿಂತ ಹೆಚ್ಚು ಊರು ತಿರುಗಿದೆ. ಹುನಗುಂದದ ಕಾಕಾ ಒಬ್ಬ ಡಾಕ್ಟರ ಹೆಸರು ಹೇಳಿದರು, ವೈನಿಯ ತಮ್ಮ ಮತ್ತೊಬ್ಬರದು. ಎಲ್ಲರಿಗೂ ತೋರಿಸಿದೆವು, ನಿನ್ನೊಬ್ಬಳನ್ನು ಬಿಟ್ಟು. ಈ ಡಾಕ್ಟರು ಹೆಣ್ಣುಮಗಳು. ಹಾಳೆಗಳನ್ನೆಲ್ಲ ನೋಡಿ, "ಇಷ್ಟೆಲ್ಲಾ ತಂದೀರಿ, ನಿಮ್ಮ ಅವ್ವಾರು ಎಲ್ಲ್ಯದಾರ್ರಿ?" ಎಂದರು. "ಆಕಿಗೆ ಕೊಬ್ಬಿನ ಗಂಟು ಅಂತ ಹೇಳೀವಿ, ಖರೆ ಗೊತ್ತಾದರ ಎದಿ ಒಡಕೋತಾಳ, ನೀವೂ ಹಂಗ ಹೇಳ್ರಿ" ಎಂದು ಅಣ್ಣ ಕೈಮುಗಿದ. ಅವನ ಕಣ್ಣು ತುಂಬಿತ್ತು ಅವ್ವಾ, ಅವನ ಮೇಲೆ ಸಿಟ್ಟಾಗಬೇಡ. "ಸುಳ್ಳು ಹೇಳಿ ನಾ ಆಪರೇಶನ್ ಮಾಡಂಗಿಲ್ರಿ" ಎಂದರು ಅವರು.

ಹೋದ ವರ್ಷ ನವನಗರದ ತಪಾಸಣೆ ಶಿಬಿರಕ್ಕೆ ಹೋದದ್ದು ನೆನಪಾಗುತ್ತಲೇ ಇದೆ. ಎದೆಯ ಫೋಟೊ ತೆಗೆಯಬೇಕು, ಕೊರಳಲ್ಲಿದ್ದದ್ದು ತೆಗೆದಿಡಿ ಎಂದಳು ಅಲ್ಲಿಯ ಹುಡುಗಿ. ನೀನು ಶಿವದಾರವನ್ನೂ ಲಿಂಗವನ್ನೂ ಮುಷ್ಟಿಯಲ್ಲಿ ಹಿಡಿದು, "ನಾ ಮಣ್ಣಿಗೆ ಹೋದರೂ ಇದು ನನ್ನ ಕೂಡೇ ಬರತೈತಿ, ತಂಗಿ" ಎಂದು ಎದ್ದು ಬಂದೆ. ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ತೋಳಿಗೆ ಕಟ್ಟಿಕೊಂಡರೆ ನಡೆಯುತ್ತದೆಯೇ ಎಂದು ಕೇಳಲು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ದಿನಾ ಬೆಳಿಗ್ಗೆ ಪೂಜೆಗೆಂದು ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವಾಗ ಆ ಗಂಟು ನಿನ್ನ ಬೆರಳಿಗೆ ತಾಗಿರಲೇಬೇಕು. ಎಂದಿನಿಂದ, ಅವ್ವಾ? ಸೆರಗು ಹೊದ್ದು ಸುಮ್ಮನಿದ್ದೆಯಾ?

ಇಷ್ಟು ಕವಿತೆ ಓದಿದ ನಾನು ಆ ಒಂದೇ ಒಂದು ಶಬ್ದ ಬರೆಯಲಾರದೆ ಬೆಳಗಿನಿಂದ ಕುಳಿತಿದ್ದೇನೆ. ಹಿತ್ತಲಲ್ಲಿ ನೀನು ಹಚ್ಚಿದ ಮಲ್ಲಿಗೆ ಚಿಗುರಿದೆ. ಸಂಕ್ರಮಣಕ್ಕೆ ಮಹಾಕೂಟದ ಹೊಂಡದಲ್ಲಿ ಮುಳುಗಬೇಡ, ನೀರು ಭಾಳ ತಣ್ಣಗಿರುತ್ತದೆ. ಕೂಸಿಗೆ ಮುದ್ದು, ಅಂಜನಾಗೆ ನನ್ನ ಆಶೀರ್ವಾದ.

ನಿನ್ನ
ಶೈಲಾ

ತಾ.ಕ.: ತಬಸುಮ ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಅದು ಕ್ಯಾನ್ಸರ್, ಅವ್ವಾ. ಬುಧವಾರ ಅಣ್ಣ ಬಂದು, ಸಣ್ಣ ಗಂಟು ತೆಗೆಸಿಕೊಂಡು ಬರೋಣ ಎಂದು ಕರೆಯುತ್ತಾನೆ. ಗಂಟಷ್ಟೇ ಅಲ್ಲ, ಎಡಗಡೆಯ ಎದೆಯನ್ನೇ ಪೂರ್ತಿ ತೆಗೆಯಬೇಕಂತೆ. ಡಾಕ್ಟರು ನಿನಗೆ ಹೇಳಿಯೇ ಹೇಳುತ್ತಾರೆ; ಮೊದಲ ಸಲ ಪರರ ಬಾಯಿಂದ ನೀನು ಕೇಳಬಾರದು. ಅಷ್ಟು ಮಾಡಿದರೆ ಉಳಿಯುತ್ತಾಳೆಯೇ ಎಂದು ಕೇಳಿದೆ. "ತಡಾ ಆಗೇತಿ, ನೋಡೂಣ್ರಿ" ಎಂದರು. ಆಮೇಲೆ ಬೇರೇನು ಕೇಳಬೇಕೋ ತಿಳಿಯದೆ ಲಿಂಗದ ಮಾತು ಕೇಳಿದೆ. ಬಲದೋಳಿಗೆ ಕಟ್ಟಿ ಮೇಲೆ ಬಟ್ಟೆ ಸುತ್ತುತ್ತಾರಂತೆ, ಮೈ ಬಿಟ್ಟು ಇಳಿಸುವುದಿಲ್ಲವಂತೆ. ಬರುತ್ತೀಯಾ?