ಎಣ್ಣೂರಿನ ಮಲರ್‌ಗೆ ಕೊಟ್ಟ ಪ್ರಬಂಧ

ಟಿ. ನಗರ, ಚೆನ್ನೈ
12–11–2007

ಮುದ್ದು ತಂಗಿ ವಂದನಾಳಿಗೆ ಅಕ್ಕನ ಅಕ್ಕರೆಯ ನೆನಪುಗಳು.

ನನ್ನ ಹಾಗೆ ನೀನೂ ಆನ್‌ಲೈನ್ ಡಿಗ್ರಿಗೆ ಸೇರಬಹುದಾ, ಅದು ಹೇಗಿರುತ್ತದೆ ಅಂತ ಕೇಳಿದ್ದೀಯ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಭಾವನ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಪಕ್ಕದ ಬ್ರೌಸಿಂಗ್ ಸೆಂಟರಿಗೆ ಹೋಗಿ ಕೂತರೆ ಪಾಠ ನನಗಾಗಿ ಕಾದಿರುತ್ತದೆ. ಎಷ್ಟು ಸಲ ಬೇಕಾದರೂ ಕೇಳು, ಮೇಷ್ಟ್ರು ಸಿಡುಕುವುದಿಲ್ಲ. ಸಿಡುಕುವುದಕ್ಕೆ ಅವರು ಅಲ್ಲಿದ್ದರೆ ತಾನೆ!

ಜೊತೆಗೆ ಓದುವವರೂ ಅಷ್ಟೆ, ಬರೀ ಹೆಸರುಗಳು. ಎಣ್ಣೂರಿನ ಮಲರ್ ಅನ್ನುವವಳು ಒಂದು ದಿನ ಮೇಲ್ ಕಳಿಸಿದಳು. ಮಗುವಿಗೆ ಜ್ವರವಂತೆ, ಕೊನೆಯ ಪ್ರಬಂಧ ಬರೆಯಲಾಗಿಲ್ಲವಂತೆ, ನನ್ನದನ್ನು ಒಮ್ಮೆ ನೋಡಿ ಕೊಡುತ್ತಾಳಂತೆ. ನಮ್ಮ ಮನೆಯ ಅಭ್ಯಾಸ ನಿನಗೆ ಗೊತ್ತಲ್ಲ. ಅಪ್ಪ ಊರಲ್ಲಿ ಹೋಟೆಲ್ ನಡೆಸುವಾಗ, ಬಾಗಿಲು ಹಾಕಿದ ಮೇಲೆ ಬಂದವರಿಗೂ ಒಂದಿಷ್ಟು ಮೊಸರನ್ನ ಬಡಿಸದೆ ಕಳಿಸಿದವರಲ್ಲ. ನಾನೂ ಹಿಂದೆಮುಂದೆ ನೋಡದೆ ಇಡೀ ಪ್ರಬಂಧ ಕಳಿಸಿಬಿಟ್ಟೆ. ಪುಣ್ಯಾತ್ಗಿತ್ತಿ ಒಂದಕ್ಷರ ಬದಲಿಸದೆ ನನಗಿಂತ ಮೊದಲೇ ಒಪ್ಪಿಸಿದಳು.

ಎರಡೂ ಒಂದೇ ಅಂತ ಕಂಪ್ಯೂಟರು ಹಿಡಿಯಿತು. ನನ್ನದು ಆಮೇಲೆ ಬಂದದ್ದರಿಂದ ಕದ್ದವಳು ನಾನು ಅಂತಾಯಿತು. ಸೊನ್ನೆ ಹಾಕಿ ಫೇಲು ಮಾಡಿದರು. ಡಿಗ್ರಿ ಕೈಗೆ ಬಂದರೆ ಪೊಂಗಲ್ ಕಳೆದ ಮೇಲೆ ಪಾಠ ಹೇಳಲು ಬನ್ನಿ ಅಂದಿದ್ದ ಶಾಲೆಯವರು ಇನ್ನು ನನಗಾಗಿ ಕಾಯುವುದಿಲ್ಲ.

ಯಾರ ಹತ್ತಿರ ಹೇಳಿಕೊಳ್ಳಲಿ ವಂದೂ? ನಮ್ಮಲ್ಲಿ ಸಾಂಬಾರಿಗೆ ಉಪ್ಪು ಜಾಸ್ತಿಯಾದರೂ ಜನ ಗಲ್ಲಾದ ಹತ್ತಿರ ಬಂದು ಜಗಳವಾಡುತ್ತಾರೆ. ಇಲ್ಲಿ ಗಲ್ಲಾದಲ್ಲಿ ಯಾರೂ ಇಲ್ಲ. ಯೂನಿವರ್ಸಿಟಿಗೆ ಬರೆದಾಗಲೆಲ್ಲ, ನಿಮ್ಮ ಮನವಿ ತಲುಪಿದೆ ಅಂತ ಅದೇ ಉತ್ತರ ತಕ್ಷಣ ಬರುತ್ತದೆ. ಮಲರ್ ಉತ್ತರವನ್ನೇ ಕೊಡುತ್ತಿಲ್ಲ. ತಡೆಯಲಾಗದೆ ಬಸ್ಸು ಹತ್ತಿ ಎಣ್ಣೂರಿಗೂ ಹೋದೆ. ಇಳಿದು ಯಾರನ್ನು ಅಂತ ವಿಚಾರಿಸಲಿ? ಬಸ್ ಸ್ಟ್ಯಾಂಡಿನಲ್ಲೇ ನಿಂತು ಅತ್ತು ವಾಪಸ್ಸು ಬಂದೆ.

ನೀನು ಸೇರು, ಬೇಡ ಅನ್ನುವುದಿಲ್ಲ. ಆದರೆ ನೀನು ಬರೆದದ್ದನ್ನು ಯಾರು ಕೇಳಿದರೂ ಕೊಡಬೇಡ. ಅಪ್ಪನ ಮಗಳಾಗಿ ಹೀಗೆ ಬರೆಯಲು ನಾಚಿಕೆಯಾಗುತ್ತದೆ.

ನಿನ್ನ ದಡ್ಡ ಅಕ್ಕ,
ರಚನಾ

ಮತ್ತೊಂದು ಮಾತು: ನಿನ್ನ ಭಾವನಿಗೆ ಫಲಿತಾಂಶ ಬಂತು ಅಂತಷ್ಟೇ ಹೇಳಿದ್ದೆ. ಪಾಸು ಅಂತ ಅವರೇ ತಿಳಿದುಕೊಂಡು, ಇವತ್ತು ಊಟಕ್ಕೆ ಬಂದವರಿಗೆಲ್ಲ ಬಿಟ್ಟಿ ಹಯಗ್ರೀವ ಮಾಡಿಸಿದರು. ಅದನ್ನು ನನ್ನ ಕೈಯಿಂದಲೇ ಬಡಿಸಿಸಿದರು.