ಆ ಮಧ್ಯಾಹ್ನದ ಫೋನು

ಹಳೇಬೀಡು
೨೦ ನವೆಂಬರ್ ೨೦೦೬

ಭಾಗ್ಯ ಅತ್ತಿಗೆಗೆ, ಮೀನಾಕ್ಷಿಯ ನಮಸ್ಕಾರಗಳು.

ಕಳೆದ ತಿಂಗಳು ಅಮ್ಮ ತೀರಿಕೊಂಡಳು. ಹಾರನಹಳ್ಳಿಯ ಮನೆಯಲ್ಲೇ, ಮೂರು ವಾರ ಹಾಸಿಗೆ ಹಿಡಿದಿದ್ದು. ನಿಮಗೆ ತಿಳಿಸುವುದು ಬೇಡ ಎಂದು ಧರ್ಮೇಶಣ್ಣ ಹೇಳಿದ, ನಾನೂ ಸುಮ್ಮನಾದೆ. ಸುಮ್ಮನಾಗುವುದು ನನಗೆ ಅಭ್ಯಾಸವಾಗಿಹೋಗಿದೆ, ಅದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಕೊನೆಯ ದಿನಗಳಲ್ಲಿ ಅಮ್ಮನಿಗೆ ನಮ್ಮ ಮುಖಗಳೂ ಕಲಸಿಹೋಗುತ್ತಿದ್ದವು. ಮೊಮ್ಮಗನ ಹೆಸರೊಂದನ್ನು ಮಾತ್ರ ಮರೆತಿರಲಿಲ್ಲ. ಸಾಯುವುದಕ್ಕೆ ಎರಡು ದಿನ ಮುಂಚೆ ನನ್ನ ಕೈ ಹಿಡಿದುಕೊಂಡು, "ನೀನು ಅಲ್ಲಿದ್ದಿದ್ರೆ ಸಮ್ಯಕ್ಕು ಉಳ್ಕತಿದ್ದ ಕಣವ್ವ. ನಿಂಗೊಂದು ಫೋನ್ ಮಾಡೋ ಬುದ್ಧೀನೂ ಇರ್ಲಿಲ್ಲ ಅವಳ್ಗೆ" ಎಂದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಗಂಜಿಯ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಬಂದುಬಿಟ್ಟೆ. ಅಮ್ಮ ಹಾಗೆಯೇ ನಂಬಿಕೊಂಡು ಹೋದಳು. ಇನ್ನು ಅವಳಿಗೆ ನಿಜ ಹೇಳುವ ದಾರಿಯೇ ಇಲ್ಲ.

ನೀವು ಫೋನ್ ಮಾಡಿದ್ದಿರಿ. ಮನೆಯಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನೀವು ಯಾರಿಗೂ ಹೇಳಲಿಲ್ಲ, ಅಮ್ಮ ಇರುವವರೆಗೆ ನಾನೂ ಹೇಳಲಿಲ್ಲ. ಇವತ್ತು ಎಲ್ಲವನ್ನೂ ಮೊದಲಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೇ ನಿಮಗೆ ಬರೆಯುವುದೇಕೆ ಎಂದರೆ, ನನ್ನ ಕೈಯಲ್ಲಿ ಅದು ಒಂದು ಸಲವಾದರೂ ಕಾಗದದ ಮೇಲೆ ಬರಲಿ ಎಂದು.

ಮೊದಲ ಸಲ ಅವನಿಗೆ ಆ ಕೆಮ್ಮು ಬಂದದ್ದು ತೊಂಬತ್ತೆಂಟರ ಡಿಸೆಂಬರಿನಲ್ಲಿ. ನೀವು ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬಾಡಿಗೆ ಮನೆಯಲ್ಲಿದ್ದಿರಿ. ಅಣ್ಣನಿಗೆ ತಾಲ್ಲೂಕು ಆಫೀಸಿನಲ್ಲಿ ಕೆಲಸ. ಸಮ್ಯಕ್‌ಗೆ ಇನ್ನೂ ಎರಡು ತುಂಬಿರಲಿಲ್ಲ. ಸಂಜೆ ಬರೀ ನೆಗಡಿಯಿದ್ದ ಮಗು ರಾತ್ರಿ ಎದ್ದು ನಾಯಿ ಬೊಗಳಿದಂತೆ ಕೆಮ್ಮತೊಡಗಿತು, ಉಸಿರು ಒಳಗೆಳೆದಾಗಲೆಲ್ಲ ಕೀರಲು ಸದ್ದು. ನೀವಿಬ್ಬರೂ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಮರಿಯಣ್ಣನ ಆಟೋದಲ್ಲಿ ಒಂದು ನರ್ಸಿಂಗ್ ಹೋಮಿಗೆ ಓಡಿದಿರಿ. ದಾರಿಯ ತಣ್ಣನೆ ಗಾಳಿಗೆ ಗಂಟಲು ಸಡಿಲವಾಗಿ, ಡಾಕ್ಟರು ಎದ್ದು ಬರುವಷ್ಟರಲ್ಲಿ ಅವನು ನಗುತ್ತಾ ಕೂತಿದ್ದನಂತೆ. ಡಾಕ್ಟರು ಬೈದು ಕಳಿಸಿದರು. ನಾದಿನಿ ನರ್ಸ್ ಇದ್ದಾರೆ ಅಂತೀರಿ, ಇಷ್ಟಕ್ಕೆಲ್ಲ ಮಲಗಿದ್ದವರನ್ನ ಎಬ್ಬಿಸ್ತೀರಾ ಅಂದರಂತೆ.

ಮುಂದಿನ ಭಾನುವಾರ ನಾನು ಬಂದಾಗ ನೀವು ಇದನ್ನೆಲ್ಲ ನಾಚಿಕೊಂಡು ಹೇಳಿದಿರಿ. ಅಮ್ಮ ಅದನ್ನು ನಾಯಿಕೆಮ್ಮು ಅಂದಳು. ನಾನು ಅಲ್ಲ ಎಂದೆ, ಅದಕ್ಕೆ ಲಸಿಕೆಯನ್ನು ನನ್ನ ಕೈಯಾರೆ ಹಾಕಿದ್ದೆ. ಇದು ಕ್ರೂಪ್, ಗಂಟಲೊಳಗೆ ಊತ ಬಂದು ಉಸಿರಿನ ದಾರಿ ಕಿರಿದಾಗುತ್ತದೆ, ಬಹಳ ಮಕ್ಕಳಿಗೆ ತಾನೇ ವಾಸಿಯಾಗುತ್ತದೆ ಎಂದು ದೊಡ್ಡ ಡಾಕ್ಟರಮ್ಮನ ಹಾಗೆ ವಿವರಿಸಿದೆ. ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂದು ನೀವು ಕೇಳಿದಿರಿ. ಅತ್ತಾಗ ಮಾತ್ರ ಕೀರಲು ಸದ್ದು ಬಂದರೆ ಎತ್ತಿಕೊಂಡು ಸಮಾಧಾನ ಮಾಡಿ, ಸುಮ್ಮನೆ ಮಲಗಿದ್ದಾಗಲೂ ಬಂದರೆ ಹೊರಡಿ ಎಂದೆ. ನೀವು ಅದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿರಿ. ಪಿಯುಸಿ ಓದಿದ್ದವರು ನೀವು. ಏನು ಹೇಳಿದರೂ ಬರೆದಿಟ್ಟುಕೊಂಡು ಹಾಗೆಯೇ ಮಾಡುತ್ತಿದ್ದಿರಿ. ಹೊರಡುವ ಮುಂಚೆ ನಾನು ಇನ್ನೊಂದು ಮಾತು ಸೇರಿಸಿದೆ: "ಸುಮ್ಸುಮ್ನೆ ಓಡ್ಬೇಡಿ ಅತ್ತಿಗೆ, ಮೊದಲು ನನ್ನ ಕೇಳಿ. ನನ್ನ ಮರ್ಯಾದೆ ಪ್ರಶ್ನೆ."

ಆ ಮಾತನ್ನು ನಾನು ನಗುತ್ತಾ ಹೇಳಿದ್ದೆ. ಆದರೆ ತಮಾಷೆಗೆ ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ಬಿಳಿ ಸೀರೆ ಉಟ್ಟು ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ನನಗೇನೂ ಗೊತ್ತಿಲ್ಲ ಎಂದು ಯಾರೋ ಒಬ್ಬ ಡಾಕ್ಟರು ಅಂದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಆಮೇಲೆ ಎಂಟೊಂಬತ್ತು ತಿಂಗಳು ಅವನು ಚೆನ್ನಾಗಿಯೇ ಇದ್ದ. ನನ್ನನ್ನು ಕಂಡರೆ "ಸೂಜಿ ಅತ್ತೆ" ಎಂದು ಬಾಗಿಲ ಹಿಂದೆ ಅಡಗುತ್ತಿದ್ದ, ಮತ್ತೆ ತಾನೇ ಬಂದು ಬ್ಯಾಗಿಗೆ ಕೈ ಹಾಕುತ್ತಿದ್ದ.

ತೊಂಬತ್ತೊಂಬತ್ತರ ಸೆಪ್ಟೆಂಬರ್. ಚುನಾವಣೆ ಕೆಲಸಕ್ಕೆಂದು ಅಣ್ಣನನ್ನು ಅರೇಹಳ್ಳಿ ಕಡೆಗೆ ಹಾಕಿದ್ದರು. ಅಮ್ಮ ಹಾರನಹಳ್ಳಿಯಲ್ಲಿದ್ದಳು. ನೀವೊಬ್ಬರೇ. ಎರಡು ರಾತ್ರಿ ಅವನು ಕೆಮ್ಮಿದ. ಕೆಮ್ಮಿ ಕೆಮ್ಮಿ, "ಅಮ್ಮ, ಒಳಗೆ ನಾಯಿ ಇದೆ" ಎಂದನಂತೆ. ನೀವು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ತಣ್ಣನೆ ಗಾಳಿಯಲ್ಲಿ ಬೆಳಗಿನವರೆಗೆ ಓಡಾಡಿದಿರಿ. ಕೆಮ್ಮು ಬಂದ ಹೊತ್ತನ್ನೆಲ್ಲ ಗುರುತು ಹಾಕಿಟ್ಟಿರಿ. ಆ ಚೀಟಿಯನ್ನು ನಾನು ಆಮೇಲೆ ನೋಡಿದೆ. ಎರಡನೆಯ ಬೆಳಿಗ್ಗೆ ಆರು ಗಂಟೆಗೆ, "ಮಲಗಿದ್ದಾಗಲೂ ಸದ್ದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಸುಮ್ಸುಮ್ನೆ ಓಡ್ಬೇಡಿ ಎಂಬ ನನ್ನ ಮಾತಿಗೆ ಇನ್ನೂ ಸ್ವಲ್ಪ ಕಾದಿರಿ. ಹನ್ನೊಂದು ಗಂಟೆಗೆ, "ಸದ್ದು ಕಡಿಮೆ. ಆಟ ಇಲ್ಲ. ನೀರು ಬೇಡ ಅಂತಾನೆ."

ಹನ್ನೆರಡರ ಹೊತ್ತಿಗೆ ನೀವು ಅವನನ್ನು ಎತ್ತಿಕೊಂಡು ಆಸ್ಪತ್ರೆಗೆಂದೇ ಹೊರಟಿದ್ದಿರಿ. ಅರ್ಧ ದಾರಿಯಲ್ಲಿ ಎಸ್‌ಟಿಡಿ ಬೂತ್ ಕಂಡಿತು. ಮೊದಲು ನನ್ನ ಕೇಳಿ ಎಂದು ನಾನು ಹೇಳಿದ್ದೆನಲ್ಲ, ನಿಂತಿರಿ. ಆ ಬೂತಿನಿಂದ ಆಸ್ಪತ್ರೆಗೆ ಐದು ನಿಮಿಷದ ದಾರಿ ಕೂಡ ಇಲ್ಲ. ಅದನ್ನು ನಾನು ನಡೆದು ನೋಡಿದ್ದೇನೆ. ಒಂದು ಸಲವಲ್ಲ, ಎಷ್ಟೋ ಸಲ.

ನಾನು ಕೆಲಸ ಮಾಡುತ್ತಿದ್ದ ಹಳ್ಳಿಯಲ್ಲಿ ಅವತ್ತು ಲಸಿಕೆಯ ದಿನ. ಜಗಲಿಯ ತುಂಬ ತಾಯಂದಿರು, ಮಕ್ಕಳ ಅಳು. ಎದುರಿನ ಅಂಗಡಿಯ ಕರಿಯಯ್ಯ ಬಂದು, ನಿಮ್ಮತ್ತಿಗೆ ಫೋನಲ್ಲಿ ಅವ್ರೆ ಅಂತ ಕರೆದ. ಓಡಿಹೋಗಿ ಎತ್ತಿಕೊಂಡೆ. ನೀವು ಒಂದೇ ಸಮನೆ ಹೇಳಿದಿರಿ: ಎರಡು ರಾತ್ರಿಯಿಂದ ಕೆಮ್ಮು, ಬೆಳಿಗ್ಗೆ ಮಲಗಿದ್ದಾಗಲೂ ಸದ್ದಿತ್ತು, ಈಗ ಕಡಿಮೆಯಾಗಿದೆ, ಆದರೆ ಕಣ್ಣು ಬಿಡ್ತಾ ಇಲ್ಲ, ಹೆಗಲ ಮೇಲೆ ಸುಮ್ನೆ ಬಿದ್ಕೊಂಡಿದ್ದಾನೆ, ನಂಗ್ಯಾಕೋ ಭಯ ಆಗ್ತಿದೆ, ಆಸ್ಪತ್ರೆಗೆ ಹೋಗ್ಲಾ ಮೀನಾ? ಆಮೇಲೆ, ಕೇಳು ಎಂದು ರಿಸೀವರನ್ನು ಅವನ ಬಾಯಿಯ ಹತ್ತಿರ ಹಿಡಿದಿರಿ.

ನಾನು ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದೆ. ಏನೂ ಕೇಳಿಸಲಿಲ್ಲ.

"ಸದ್ದೇ ಇಲ್ವಲ್ಲ ಅತ್ತಿಗೆ, ವಾಸಿಯಾಗ್ತಿದೆ. ನಿದ್ದೆಗೆಟ್ಟಿದ್ದಾನೆ, ಮಲಗ್ಲಿ ಬಿಡಿ. ಮನೆಗೆ ಹೋಗಿ, ಸಂಜೆ ನಾನೇ ಬರ್ತೀನಿ" ಎಂದೆ.

"ಸರಿ, ನೀನು ಹೇಳ್ತಿದ್ದೀಯಲ್ಲ" ಎಂದು ನೀವು ಫೋನ್ ಇಟ್ಟಿರಿ. ಐದು ನಿಮಿಷದ ದಾರಿಯನ್ನು ಹಿಂದೆ ಬಿಟ್ಟು ಮಗುವನ್ನು ಎತ್ತಿಕೊಂಡು ಮನೆಗೆ ನಡೆದಿರಿ.

ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು. ಗೊತ್ತಿತ್ತು ಅತ್ತಿಗೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ನನ್ನ ನೋಟ್ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿದೆ: ಸದ್ದು ಇಳಿದರೂ ಮಗು ಲವಲವಿಕೆಯಿಲ್ಲದೆ ಸೋತು ಬಿದ್ದಿದ್ದರೆ ಅದು ವಾಸಿಯಲ್ಲ, ಗಾಳಿ ಎಳೆದುಕೊಳ್ಳುವ ಶಕ್ತಿಯೇ ಮುಗಿಯುತ್ತಿದೆ, ತಡಮಾಡಬಾರದು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿ ಬರೆದು ಪಾಸಾಗಿದ್ದೆ. ಅವತ್ತು ನೀವು ಆಡಿದ ಒಂದೊಂದು ಮಾತಿನಲ್ಲೂ ಅದೇ ಇತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಜಗಲಿಯ ಮೇಲೆ ಕಾದಿದ್ದ ಇಪ್ಪತ್ತು ಮಕ್ಕಳು, ಐಸಿನ ಡಬ್ಬಿಯಲ್ಲಿ ಬಿಸಿಯಾಗುತ್ತಿದ್ದ ಲಸಿಕೆ, ಮತ್ತೆ ಹೋದ ಸಲ ಬೈದು ಕಳಿಸಿದ್ದ ಡಾಕ್ಟರು.

ಜಾವಗಲ್ಲಿನ ಮೇಲೆ ಬರುವ ಬಸ್ಸು ಹಿಡಿದು ನಾನು ಐದೂವರೆಗೆ ಬಂದೆ. ನೀವು ಅವನನ್ನು ಚಾಪೆಯ ಮೇಲೆ ಮಲಗಿಸಿಕೊಂಡು ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದಿರಿ. ನನ್ನನ್ನು ಕಂಡದ್ದೇ ನಿಮ್ಮ ಮುಖಕ್ಕೆ ಜೀವ ಬಂತು. ನಾನು ಅಂಗಿ ಎತ್ತಿ ನೋಡಿದೆ. ಪ್ರತಿ ಉಸಿರಿಗೂ ಗಂಟಲ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಪಕ್ಕೆಲುಬುಗಳ ನಡುವೆ ಚರ್ಮ ಸೆಳೆಯುತ್ತಿತ್ತು. ತುಟಿಗೆ ಬೂದಿಯ ಬಣ್ಣ. ಅಲ್ಲಿ ನಾನೇನಾದರೂ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವನನ್ನು ಬಾಚಿಕೊಂಡು ಮರಿಯಣ್ಣನ ಆಟೋ ಹತ್ತಿದ್ದು ನೆನಪಿದೆ. ನೀವು ಚಪ್ಪಲಿಯಿಲ್ಲದೆ ಹಿಂದೆ ಓಡಿಬಂದದ್ದು ನೆನಪಿದೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಆಮ್ಲಜನಕ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಗಂಟಲಿಗೆ ನಳಿಗೆ ಹಾಕಲು ನೋಡಿದರು. ಹಾಸನಕ್ಕೆ ಕಳಿಸಲು ವ್ಯಾನು ಬಂದು ಬಾಗಿಲಿಗೆ ನಿಂತಿತ್ತು. ಅದಕ್ಕೆ ಹತ್ತಿಸುವ ಹೊತ್ತಿಗೆ ಅವನಿರಲಿಲ್ಲ. ಎರಡು ವರ್ಷ ಎಂಟು ತಿಂಗಳು.

ಎಷ್ಟು ಹೊತ್ತಿಂದ ಹೀಗಿದ್ದ ಎಂದು ಡಾಕ್ಟರು ಕೇಳಿದರು. ಮಧ್ಯಾಹ್ನದಿಂದ ಎಂದಿರಿ. ಮಧ್ಯಾಹ್ನ ಬಂದಿದ್ದರೆ ಉಳಿಸಬಹುದಿತ್ತಲ್ಲಮ್ಮ, ಯಾಕೆ ಬರಲಿಲ್ಲ ಎಂದರು. ಅವರು ಗದರಿಸಲಿಲ್ಲ, ಮೆಲ್ಲಗೇ ಕೇಳಿದರು. ನೀವು ತಿರುಗಿ ನನ್ನನ್ನು ನೋಡಿದಿರಿ. ನಾನು ಯೂನಿಫಾರ್ಮಿನಲ್ಲೇ ನಿಂತಿದ್ದೆ.

ಅಷ್ಟಾಗಿದ್ದರೆ ಇದನ್ನೊಂದು ತಪ್ಪು ಎನ್ನಬಹುದಿತ್ತೇನೋ. ಮೂರನೆಯ ದಿನ ಹಾರನಹಳ್ಳಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ನಿಮ್ಮ ತಂದೆ ಜವರಪ್ಪನವರೂ ಹಗರೆಯಿಂದ ಬಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಲ್ಲಿ ಎಲ್ಲರ ಮುಂದೆ ಅಣ್ಣ ನಿಮ್ಮನ್ನು ಕೇಳಿದ: "ನಾನಿರ್ಲಿಲ್ಲ, ಸರಿ. ಮೀನಾಗಾದ್ರೂ ಒಂದು ಫೋನ್ ಮಾಡ್ಬಾರ್ದಿತ್ತಾ? ಅವಳು ಹೇಳಿದ್ರೆ ಮಗು ಉಳೀತಿತ್ತಲ್ಲ."

ನೀವು ಮತ್ತೆ ನನ್ನನ್ನು ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಮಾಡಿದ್ದರು ಎಂಬ ಒಂದು ಮಾತು ಸಾಕಿತ್ತು. ನಾನು ನೆಲ ನೋಡಿದೆ. ನೆಲದ ಮೇಲೆ ಯಾರೋ ಕುಡಿದಿಟ್ಟ ಕಾಫಿ ಲೋಟಕ್ಕೆ ಇರುವೆ ಹತ್ತುತ್ತಿದ್ದವು, ಅವನ್ನೇ ನೋಡಿದೆ.

ಅವತ್ತಿನಿಂದ ಅಣ್ಣ ನಿಮ್ಮ ಜೊತೆ ಮಾತು ಬಿಟ್ಟ. ಅಮ್ಮ ನಿಮ್ಮ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಮೂರು ತಿಂಗಳು ತಡೆದುಕೊಂಡು, ಒಂದು ಬೆಳಿಗ್ಗೆ ನೀವು ಹಗರೆಗೆ ಹೊರಟಿರಿ. ಬಸ್ ಸ್ಟ್ಯಾಂಡಿಗೆ ಬ್ಯಾಗು ಹಿಡಿದುಕೊಂಡು ಬಂದವಳು ನಾನೊಬ್ಬಳೇ. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಅಲ್ಲಿ ನಿಮ್ಮನ್ನು ಕೇಳಿದೆ, ಕೇಳುವ ಮುಖ ನನಗಿತ್ತು ನೋಡಿ. ನೀವು ಬಸ್ಸಿನ ಬೋರ್ಡು ನೋಡುತ್ತಲೇ, "ನೀನು ಹೇಳ್ತೀಯ ಅಂತ ಕಾದೆ ಮೀನಾ" ಎಂದಿರಿ. ಅದೇ ನೀವು ನನ್ನೊಂದಿಗೆ ಆಡಿದ ಕೊನೆಯ ಮಾತು. ಎರಡು ವರ್ಷದ ಮೇಲೆ ಮದುವೆಯಿಂದ ಬಿಡುಗಡೆಯ ಕಾಗದ ತೆಗೆದುಕೊಂಡು ಬಂದವರಿಗೆ ಏನೂ ಕೇಳದೆ ರುಜು ಹಾಕಿಕೊಟ್ಟಿರಂತೆ.

ಅಮ್ಮನ ಕಾರ್ಯ ಮುಗಿದ ಮೇಲೆ ನಾನು ಅಣ್ಣನಿಗೆ ಹೇಳಿದೆ. ಹಿತ್ತಲಲ್ಲಿ ಇಬ್ಬರೇ ಇದ್ದೆವು. ಅವನ ಈಗಿನ ಹೆಂಡತಿ ಒಳಗೆ ಮಗಳಿಗೆ ಊಟ ಮಾಡಿಸುತ್ತಿದ್ದಳು. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು, "ಫೋನಲ್ಲಿ ಹೇಳಿದ್ದು ಬಿಡು. ನಾನು ಕೇಳ್ದಾಗ ಯಾಕೆ ಸುಮ್ನಿದ್ದೆ?" ಎಂದ.

ಮಾರನೆಯ ದಿನ ಅವನು ಹಗರೆಗೆ ಬಂದಿದ್ದ. ನಿಮಗೆ ಗೊತ್ತಾಗಿರಲಿಕ್ಕಿಲ್ಲ. ನೀವು ಕೆಲಸ ಮಾಡುವ ಹಾಲಿನ ಡೈರಿಯ ಎದುರು, ರಸ್ತೆಯ ಈಚೆ ನಿಂತಿದ್ದನಂತೆ. ನೀವು ಹಾಲು ಅಳೆದು ಹಾಕಿಸಿಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದಿರಂತೆ. ತಲೆಗೂದಲು ಬೆಳ್ಳಗಾಗಿದೆ ಎಂದ. ಅರ್ಧ ಗಂಟೆ ನಿಂತಿದ್ದು, ರಸ್ತೆ ದಾಟದೆ ಮುಂದಿನ ಬಸ್ಸಿಗೆ ವಾಪಸು ಬಂದ. ಯಾಕಣ್ಣ ಮಾತಾಡಿಸಲಿಲ್ಲ ಎಂದರೆ, "ಹೋಗಿ ಏನಂತ ಕರೀಲಿ ಅವಳನ್ನ?" ಎಂದ.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ. ಕೆಮ್ಮುವ ಮಗುವನ್ನು ಎತ್ತಿಕೊಂಡು ಯಾವ ತಾಯಿ ಬಂದು ಹೋಗಲಾ ಎಂದು ಕೇಳಿದರೂ ಹೋಗಿ ಎನ್ನುತ್ತೇನೆ. ನಿಮಗೆ ಭಯ ಆಯ್ತಲ್ಲ, ಅಷ್ಟು ಸಾಕು, ಹೊರಡಿ ಎನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಮಕ್ಕಳು ನಗುತ್ತಾ ವಾಪಸು ಬರುತ್ತವೆ. ಇಷ್ಟಕ್ಕೆಲ್ಲ ಯಾಕೆ ಕಳಿಸುತ್ತೀರಿ ಎಂದು ಡಾಕ್ಟರುಗಳು ನನ್ನನ್ನು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ. ಇದರಿಂದ ನನ್ನ ಭಾರವೇನೂ ಇಳಿದಿಲ್ಲ. ಬದುಕಿದ ಮಕ್ಕಳೆಲ್ಲ ಅವರವರ ತಾಯಂದಿರ ಮಕ್ಕಳು. ಅವರಲ್ಲಿ ಒಬ್ಬರೂ ನಿಮ್ಮ ಮಡಿಲಿಗೆ ಬರುವವರಲ್ಲ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರೇನೋ ಎಂಬ ಭಯ ನನಗೆ. ನಿಮ್ಮ ತಂದೆಯವರು ಇನ್ನೂ ಇದ್ದಾರೆ ಎಂದು ಕೇಳಿದ್ದೇನೆ. ಈ ಕಾಗದವನ್ನು ಅವರಿಗೆ ಓದಿ ಹೇಳಿ. ಮಗಳು ಫೋನ್ ಮಾಡಿದ್ದಳು, ಆಸ್ಪತ್ರೆಯ ದಾರಿಯಲ್ಲೇ ಇದ್ದಳು, ವಾಪಸು ಕಳಿಸಿದವಳು ಮೀನಾಕ್ಷಿ ಎಂದು ಅವರೊಬ್ಬರಾದರೂ ಬದುಕಿರುವಾಗಲೇ ತಿಳಿಯಲಿ. ಅಮ್ಮನ ವಿಷಯದಲ್ಲಿ ತಡಮಾಡಿದೆ.

ಯಾವ ಕೆಮ್ಮೂ ಎಬ್ಬಿಸದ ಒಂದು ರಾತ್ರಿಯ ನಿದ್ದೆ ನಿಮಗೆ ಸಿಗಲಿ ಅತ್ತಿಗೆ. ನಾನು ಬೇಡಿಕೊಳ್ಳುವುದು ಇಷ್ಟನ್ನೇ.

ಮೀನಾಕ್ಷಿ