ಔಡಲ ದಂಟಿನ ಮೇಲೆ ಕೂತ ಕೆಂಪು ಹುಳ

ಸಂತೆಕಲ್ಲೂರು
ಶ್ರಾವಣದ ಕಡೆಯ ಸೋಮವಾರ, ೧೯೪೮

ಚಿರಂಜೀವಿ ಅಳಿಯ ಕರಿಬಸಪ್ಪನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಹೈದರಾಬಾದಿನಿಂದ ನೀನು ಆ ವಿಮಾನದಂಥ ಹುಳದ ಚಿತ್ರ ಕಳಿಸಿ, ಕಾಲೇಜಿಗೆ ಹುಡುಕಿಕೊಡು ಎಂದು ಬರೆದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ನಿನ್ನ ಅಣ್ಣ ಬಸಲಿಂಗನ ಜೀವ ಆ ಹುಳದ ಮೇಲೆ ನಿಂತಿತ್ತು. ಅಂಚೆಯನ್ನು ನಂಬದೆ ಇದನ್ನು ನಿನ್ನ ಊರಿಗೇ ಹೊರಟಿದ್ದ ಮೌಲಾಹುಸೇನನ ಕೈಯಲ್ಲಿ ಕೊಟ್ಟಿದ್ದೇನೆ. ಓದಿ ಒಲೆಗೆ ಹಾಕು.

ಊರ ಸಾಲಿಯಷ್ಟೇ ಓದಿದ ಅಮರಗುಂಡಪ್ಪ ಹುಳ ಪತ್ತೆಹಚ್ಚಿದನೆಂದು ನಿಮ್ಮ ಕಾಲೇಜಿನ ಮಾಸ್ತರರಿಗೆ ಹೇಳು. ಹಣ್ಣುಮೆಣಸಿನಕಾಯಿಯಂಥ ಕೆಂಪು ಮೈ, ಬೆನ್ನ ಮೇಲೆ ಕರಿ ಗೆರೆ, ರೆಕ್ಕೆಯ ಬುಡಕ್ಕೆ ಜೇನಿನ ಬಣ್ಣ. ಹರಿಯುವ ಹಳ್ಳದಲ್ಲಿ ಹುಡುಕಿದೆ, ಸಿಗಲಿಲ್ಲ. ಅದಕ್ಕೆ ನಮ್ಮ ಕೆರೆಯಂಥ ನಿಂತ ನೀರು, ಜೊಂಡು ಬೇಕು. ಹಾರಿದರೂ ತಿರುಗಿ ಅದೇ ಕಡ್ಡಿಗೆ ಬರುತ್ತದೆ. ಗಂಡು ಕೆಂಪು, ಹೆಣ್ಣು ಸಪ್ಪೆ ಹಳದಿ ಎಂದು ನಿನ್ನ ಅತ್ತೆಗೆ ಹೇಳಿದರೆ, "ಹುಳದಾಗೂ ಮೆರ್ಯಾಂವ ಗಂಡಸೇ ಏನ್ರಿ?" ಅಂದಳು.

ಚಾವಡಿಯ ಮೇಲೆ ತ್ರಿವರ್ಣ ಧ್ವಜ ಕಟ್ಟಿದ ಬಸಲಿಂಗ ಆ ಜೊಂಡಿನಲ್ಲೇ ಅಡಗಿದ್ದ. ಹುಳದ ನೆಪದಲ್ಲಿ ಬಲೆ ಹಿಡಿದು ಹೋಗಿ ರೊಟ್ಟಿ ಕೊಟ್ಟು ಬರುತ್ತಿದ್ದೆ. ಪಂಚಮಿಯ ಮರುದಿನ, ಅವನನ್ನು ಹುಡುಕುತ್ತಿದ್ದ ಹೈದರಾಬಾದ್ ಸರಕಾರದ ಸವಾರರ ಕುದುರೆಗಳ ಸಪ್ಪಳ ಕೇಳಿದ್ದೇ ತಡ, ಅವನು ಉಸಿರಿಗೆಂದು ಔಡಲ ಎಲೆಯ ಟೊಳ್ಳು ದಂಟು ಬಾಯಲ್ಲಿ ಕಚ್ಚಿ ನೀರಲ್ಲಿ ಮುಳುಗಿದ. ಎಮ್ಮೆ ಮೈ ತೊಳೆಯುವಾಗ ನಿಮ್ಮಿಬ್ಬರಿಗೂ ನಾನೇ ಕಲಿಸಿದ ವಿದ್ಯೆ.

ಬಂದೂಕಿನವರು ದಂಡೆಗೆ ಬಂದರು. "ಏನ್ ಮಾಡಾಕತ್ತೀಯೋ ಮುದುಕ?" ಅಂದ ಜಮಾದಾರ.

"ಹುಳ ಹಿಡ್ಯಾಕತ್ತೀನ್ರಿ ಸಾಹೇಬ್ರ. ಹೈದರಾಬಾದ್ ಕಾಲೇಜಿಗೆ ಕಳಸಬೇಕು."

"ಸುಳ್ಳು ಹೇಳ್ತೀ. ಎಲ್ಲೈತಿ ತೋರಸು."

ನನ್ನ ಜಂಬ ನಿನಗೆ ಗೊತ್ತೇ ಇದೆ. "ಅಲ್ಲಿ ನೋಡ್ರಿ" ಎಂದು ಬೆರಳು ಚಾಚಿಬಿಟ್ಟೆ. ಆಮೇಲೆ ಕಂಡಿತು, ಹುಳ ಕೂತದ್ದು ಔಡಲ ದಂಟಿನ ತುದಿಗೆ.

ಎಲ್ಲರ ಕಣ್ಣೂ ಅಲ್ಲೇ ನೆಟ್ಟವು. ಒಬ್ಬ ಬಂದೂಕಿನ ನಳಿಕೆಯಿಂದ ಜೊಂಡು ಸರಿಸಿದ. ಹುಳ ಹಾರಿತು. ಒಂಟಿಯಾಗಿ ನಿಂತ ದಂಟು ಸಣ್ಣಗೆ ನಡುಗಿತು. ನಾನು, "ತಡೀರಿ, ಅಲ್ಲಿಗೇ ಬರ್ತೈತಿ" ಅಂದೆ. ಹುಳ ನೀರಿನ ಮೇಲೆ ಸುತ್ತು ಹಾಕಿ ಬಂದು, ಅದೇ ತುದಿಗೆ ಕೂತು ಬಾಲವನ್ನು ಬಿಸಿಲಿಗೆ ಎತ್ತಿತು.

ಜಮಾದಾರ ನಕ್ಕ. "ಮನಷ್ಯಾ ಇದ್ದಲ್ಲಿ ಹುಳ ಹಿಂಗ ಕೂಡ್ತಿತ್ತೇನು? ಇಲ್ಲಿ ಯಾರೂ ಇಲ್ಲ. ಚಲೋ."

ಹೊತ್ತು ಮುಳುಗಿದ ಮೇಲೆ ಬಸಲಿಂಗ ತುಂಗಭದ್ರೆ ದಾಟಿ ಆಚೆಯ ಸ್ವತಂತ್ರ ಸೀಮೆ ಸೇರಲು ಹೊರಟ. "ಹೊಳಿ ದಾಟಿದ ಕೂಡ್ಲೆ ಸುದ್ದಿ ಕಳಸ್ತೀನಿ ಮಾವಾ. ಅವ್ವಗ ಹೇಳು" ಅಂದ. ಆ ಹುಳವನ್ನು ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಮಾಸ್ತರರು ನನ್ನ ಮಾತನ್ನೇ ನಂಬಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಮಾವ
ಅಮರಗುಂಡಪ್ಪ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಬಸಲಿಂಗನ ಸುದ್ದಿ ಇನ್ನೂ ಬಂದಿಲ್ಲ. ಹೊಳೆ ದಂಡೆ ಮೀರಿ ಹರಿಯುತ್ತಿದೆಯಂತೆ. ನಿನ್ನ ಅವ್ವ ಪಂಪಮ್ಮ ಅವನ ಪಾಲಿನ ಪಂಚಮಿ ಉಂಡಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ನಗಿಸೋಣವೆಂದು ನಿನ್ನೆ ಅವಳಿಗೆ ಹುಳದ ಕಥೆ ಹೇಳಿದೆ. ಪೂರ್ತಿ ಕೇಳಿ ಅಂದಳು: "ನಿಂತ ನೀರಾಗ ಮುಳುಗೋದು ಕಲಿಸಿದಿ ಅಣ್ಣಾ. ಹರಿಯೋ ಹೊಳ್ಯಾಗ ಈಸೋದು ಕಲಿಸಿದ್ಯೇನು?"